ಸೋಮವಾರದ ಹೊಲ

“ಗೊಬ್ಬೂರ ಯಾರ್ರಿ, ಗೊಬ್ಬೂರ!” ಎಂದು ಕಂಡಕ್ಟರ್ ಎರಡನೇ ಸಲ ಕೂಗಿದ ಮೇಲೆಯೇ ಅದು ತನ್ನನ್ನು ಎಂದು ಮಲ್ಕಪ್ಪನಿಗೆ ಹೊಳೆದದ್ದು. ಎದ್ದು, ಅಭ್ಯಾಸಬಲದಿಂದ ಮೇಲಿನ ಕಂಬಿಗೆ ಕೈ ಚಾಚಿ, ಇಳಿಸಿಕೊಳ್ಳುವುದಕ್ಕೆ ಅಲ್ಲಿ ಏನೂ ಇಲ್ಲವೆಂದು ನೆನಪಾಗಿ, ಚಾಚಿದ ಕೈಯಿಂದ ತಲೆ ಕೆರೆದುಕೊಂಡ. ಈ ಊರಿಗೆ ಅವನು ಬಂದಾಗಲೆಲ್ಲ ಬಗಲಲ್ಲಿ ಒಂದು ಮೀಟರ್ ಉದ್ದದ ಹಲಗೆ ಇರುತ್ತಿತ್ತು, ಚೀಲದಲ್ಲಿ ಅಲ್ಯುಮಿನಿಯಂ ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಇಂದು ಬರಿಗೈ. ಬರಿಗೈಯಲ್ಲಿ ಬಂದವನನ್ನು ಊರವರು ಯಾಕೆ ಬಂದೆ ಎಂದು ಕೇಳುತ್ತಾರೆ ಎಂಬುದನ್ನು ಅವನು ಬಸ್ಸಿನಲ್ಲಿ ಯೋಚಿಸಿರಲಿಲ್ಲ. ಕೇಳಿದರು ಕೂಡ. ಚಹಾದಂಗಡಿಯ ಸೈದಪ್ಪ ಸ್ಟೋವಿಗೆ ಪಂಪು ಹೊಡೆಯುತ್ತಲೇ ಹಲ್ಲು ಬಿಟ್ಟ. “ಏನಪಾ ಹಣಗಿ ಮಲ್ಕಪ್ಪ, ಇವತ್ತ ಹಣಗಿ ಬಿಟ್ಟು ಬಂದೀ? ಭೂಮಿತಾಯಿ ತಲಿ ಕೆದರಿಕೊಂಡೇ ಕುಂದರಬೇಕೇನು? ಮತ್ತ ಇವತ್ತ ಸೋಮವಾರನೂ ಅಲ್ಲ.”

ಸೋಮವಾರ ಎಂಬ ಮಾತು ಕಾಲಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಸೈದಪ್ಪನ ತಪ್ಪಿಲ್ಲ. ಮೂವತ್ತೈದು ದಿನಕ್ಕೊಮ್ಮೆ, ಅಂದರೆ ಐದು ವಾರಕ್ಕೆ ಸರಿಯಾಗಿ, ಹನ್ನೊಂದು ಗಂಟೆಗೆ ಎರಡು ನಿಮಿಷ ಇರುವಾಗ ನೆಲದ ಚಿತ್ರ ತೆಗೆಯುವ ಒಂದು ಉಪಗ್ರಹ ಈ ಸೀಮೆಯ ಮೇಲೆ ಹಾಯುತ್ತಿತ್ತು. ಐದು ವಾರವೆಂದ ಮೇಲೆ ವಾರ ಬದಲಾಗುವ ಮಾತಿಲ್ಲ, ಯಾವಾಗಲೂ ಸೋಮವಾರ. ಆ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಆಯ್ದ ಹೊಲಗಳಲ್ಲಿ ಒಬ್ಬೊಬ್ಬ ಹುಡುಗ ನಿಂತು, ಚಿತ್ರಕ್ಕೆ ಹೋಲಿಸಿ ನೋಡಲು ನೆಲ ಅಳೆಯಬೇಕು. ನಲವತ್ತರ ಹತ್ತಿರ ಬಂದಿದ್ದರೂ ಮಲ್ಕಪ್ಪ ಆ ಲೆಕ್ಕದಲ್ಲಿ ಹುಡುಗನೇ, ಅವನ ಪಾಲಿಗೆ ಗೊಬ್ಬೂರಿನ ನಾಲ್ಕು ಹೊಲ. ಹಲಗೆಗೆ ಸಾಲಾಗಿ ಪೋಣಿಸಿದ ಕಬ್ಬಿಣದ ಕಡ್ಡಿಗಳನ್ನು ನೆಲದ ಮೇಲೆ ಬಿಟ್ಟರೆ ಮಣ್ಣಿನ ಹೆಂಟೆ ಇದ್ದಲ್ಲಿ ಕಡ್ಡಿ ಮೇಲೆ ನಿಲ್ಲುತ್ತದೆ, ತಗ್ಗು ಇದ್ದಲ್ಲಿ ಇಳಿಯುತ್ತದೆ. ಆ ಏರಿಳಿತವನ್ನು ಕಾಗದದ ಮೇಲೆ ಗೆರೆ ಹೊಡೆದುಕೊಳ್ಳಬೇಕು. ಕಳೆ ಕೀಳುವ ಹೆಂಗಸರು ಮೊದಲ ದಿನವೇ ಅದಕ್ಕೆ ಹಣಗಿ, ಅಂದರೆ ಬಾಚಣಿಗೆ, ಎಂದು ಹೆಸರಿಟ್ಟು, ಸೆರಗು ಬಾಯಿಗೆ ಒತ್ತಿ ನಕ್ಕಿದ್ದರು. ಅವನಿಗೆ ಬೇಜಾರಾಗಿರಲಿಲ್ಲ. ಭೂಮಿಯ ತಲೆ ಬಾಚುವುದೆಂದರೆ ಕೆಟ್ಟ ಕೆಲಸವೇನಲ್ಲ ಎಂದುಕೊಂಡಿದ್ದ.

ಬಸವಂತರಾಯ ಸರ್ ಕಲಬುರಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು, ಈ ಯೋಜನೆಯ ಮುಖ್ಯಸ್ಥರು. ಮೊದಲ ದಿನ ಅವರು ಅವನನ್ನು ಕಾಲೇಜಿನ ಅಂಗಳಕ್ಕೆ ಕರೆದೊಯ್ದು ಕೈಗೆ ರಬ್ಬರಿನ ಚೆಂಡು ಕೊಟ್ಟಿದ್ದರು. ಸಾರಿಸಿದ ಕಟ್ಟೆಯ ಮೇಲೆ ಓರೆಯಾಗಿ ಒಗೆ ಎಂದರು. ಚೆಂಡು ಆಚೆ ಹಾರಿ ಗೇಟಿನ ತನಕ ಹೋಯಿತು. ಜಲ್ಲಿಯ ರಾಶಿಯ ಮೇಲೆ ಹಾಗೇ ಒಗೆ ಎಂದರು. ಚೆಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮೂರನೇ ಸಲ ತಿರುಗಿ ಅವನ ಮೊಣಕಾಲಿಗೇ ಬಡಿಯಿತು. “ಅಷ್ಟೇ ನೋಡು. ಉಪಗ್ರಹ ಮ್ಯಾಲಿಂದ ರೇಡಿಯೋ ಅಲಿ ಒಗೀತದ. ಸಪಾಟು ನೆಲ ಇದ್ದರ ಆ ಕಡೆ ಹೋಗ್ತದ, ಚಿತ್ರದಾಗ ಕರ್ರಗ ಕಾಣ್ತದ. ಹೆಂಟಿ ನೆಲ ಇದ್ದರ ತಿರುಗಿ ಬರ್ತದ, ಬೆಳ್ಳಗ ಕಾಣ್ತದ. ಮೋಡ ಅದಕ್ಕ ಲೆಕ್ಕಕ್ಕೇ ಇಲ್ಲ.” ಮಲ್ಕಪ್ಪ ಅಂದು ಬಹಳ ಹೊತ್ತು ಮೊಣಕಾಲು ಮುಟ್ಟಿಕೊಂಡು ನಿಂತಿದ್ದ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಬಿಟ್ಟುಹೋದ ಏನೋ ಒಂದು ಹದಿನೆಂಟು ವರ್ಷ ಎಲ್ಲೋ ಅಲೆದು ತಿರುಗಿ ಬಂದು ತಾಗಿದ ಹಾಗೆ.

ಊರೊಳಗಿನ ದಾರಿ ಬಿಟ್ಟು ಹೊಲದ ದಾರಿ ಹಿಡಿದ. ಎರಡೂ ಕಡೆ ಬಿಳಿಜೋಳ ಎದೆಯುದ್ದ ನಿಂತಿತ್ತು, ತೆನೆಯ ಕಾಳಿಗೆ ಹಾಲು ತುಂಬಿತ್ತು. ಸೆಪ್ಟೆಂಬರಿನಲ್ಲಿ ಇಲ್ಲೇ ನೆಲ ಬೆತ್ತಲೆಯಾಗಿತ್ತೆಂದರೆ ಈಗ ಯಾರೂ ನಂಬುವುದಿಲ್ಲ. ನಂಬುವುದು ಎಂದೊಡನೆ ನಿನ್ನೆಯ ಮಧ್ಯಾಹ್ನ ಮತ್ತೆ ಎದುರು ಬಂತು: ಕತ್ತಲೆ ಕೋಣೆ, ಕೆಳಗೆ ಟ್ಯೂಬ್‌ಲೈಟ್ ಹಾಕಿದ ಗಾಜಿನ ಮೇಜು, ಹೈದರಾಬಾದಿನಿಂದ ಬಂದ, ಜೂನಿನಿಂದ ಬಿತ್ತನೆಯ ತನಕದ ಐದು ಫಿಲ್ಮು, ಒಂದರ ಮೇಲೆ ಭೂತಗನ್ನಡಿ. “ಮಲ್ಕಪ್ಪ, ಇಲ್ಲಿ ಬಾ. ಇದು ಯಾರ ಹೊಲ?” “ದೌಲತರಾಯರದು ರಿ.” “ಹೆಂಗ ಕಾಣ್ತದ?” “ಬೆಳ್ಳಗ ಅದ ರಿ.” “ನಿನ್ನ ಪುಸ್ತಕ ಏನಂತದ, ಹದಿನಾಲ್ಕು ಒಂಬತ್ತು ತೊಂಬತ್ತೆರಡು?” ಪುಸ್ತಕದಲ್ಲಿ ಅವನದೇ ದುಂಡು ಅಕ್ಷರ: ಕುಂಟೆ ಹೊಡೆದಿದೆ, ಸಪಾಟು. ಈಗ ಕೇಳುತ್ತಾರೆ ಎಂದು ಕಾದ. ಸರ್ ಕೇಳಲಿಲ್ಲ. ಸರ್ ಮುಖದಲ್ಲಿ ಇದ್ದದ್ದು ಖುಷಿ. “ಎರಡು ದಿನದಿಂದ ನಾ ಸರಿಯಾಗಿ ನಿದ್ದಿ ಮಾಡಿಲ್ಲ. ಮೊದಲು ಫಿಲ್ಮ್ ತಪ್ಪಿರಬೇಕು ಅಂದೆ. ತಪ್ಪಿಲ್ಲ. ಪುಸ್ತಕ ತಪ್ಪಿರಬೇಕಂದ್ರ, ಬರದಾಂವ ಮಲ್ಕಪ್ಪ, ಹಂಗ ಅನ್ನಾಕ ಬರಂಗಿಲ್ಲ. ಎರಡೂ ಖರೇ ಅಂದ್ರ ಏನು? ಮ್ಯಾಲಿನ ಪದರು ಸಪಾಟು, ಒಣಗೇದ. ಅದನ್ನ ದಾಟಿ ಒಳಗ ಹೋಗಿ, ಕೆಳಗಿನ ಬಿರುಕಿಗೆ ಬಡದು ತಿರುಗಿ ಬಂದದ. ಎರೀ ಮಣ್ಣಿನ ಬಿರುಕು ಮ್ಯಾಲಿಂದ ಕಂಡದ ಮಲ್ಕಪ್ಪ!” ಶುಕ್ರವಾರ ಹೈದರಾಬಾದಿನ ಸಭೆಯಲ್ಲಿ ಅದನ್ನು ಓದುತ್ತಾರಂತೆ. ಇವತ್ತು ಬುಧವಾರ.

ಅವನ ಮಾತನ್ನು ಹಾಗೆ ಯಾರೂ ನಂಬಿದವರಿರಲಿಲ್ಲ. ನರೋಣೆಯ ಶಾಲೆಯಲ್ಲಿ ಸೀಮೆಸುಣ್ಣದ ಡಬ್ಬಿ ಕಾಣೆಯಾದಾಗ ಮಾಸ್ತರರು ಉಳಿದವರನ್ನು ಕೇಳಿದರು, ಇವನನ್ನು ಕೇಳದೆಯೇ ಹೊಡೆದರು. ಡಬ್ಬಿ ಮಾಸ್ತರರ ಕೋಟಿನ ಜೇಬಿನಲ್ಲೇ ಸಿಕ್ಕ ಮೇಲೂ ಹೊಡೆದದ್ದು ಹೊಡೆದ ಹಾಗೇ ಉಳಿಯಿತು. ಅಂಥವನ ಪುಸ್ತಕದ ಮೇಲೆ ನಂಬಿಕೆಯಿಟ್ಟು ಒಬ್ಬ ದೊಡ್ಡ ಮನುಷ್ಯ ಆಕಾಶದ ಯಂತ್ರದ ಜೊತೆ ವಾದಕ್ಕೆ ನಿಂತಿದ್ದಾರೆ. ಆ ಪುಸ್ತಕದ ಒಂದು ತಾರೀಖು ಸುಳ್ಳು.

ಹದಿನಾಲ್ಕನೇ ತಾರೀಖು ಅವನು ಗೊಬ್ಬೂರಿಗೆ ಬಂದಿರಲೇ ಇಲ್ಲ. ಹದಿಮೂರರ ರವಿವಾರ ಸಂಜೆ ಬಂದು, ನಾಲ್ಕೂ ಹೊಲ ಅಳೆದು, ಡಬ್ಬಿಗೆ ಮಣ್ಣು ತುಂಬಿ, ಮರುದಿನದ ತಾರೀಖು ಬರೆದು ಹೋಗಿದ್ದ. ಹಾಗೆ ಬರೆಯುವಾಗ ಅಳುಕಿರಲಿಲ್ಲ, ಯಾಕೆಂದರೆ ಅದು ಸೋಮವಾರ. ಈ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನ. ಎತ್ತಿನ ಕೊರಳ ಮೇಲೆ ನೊಗ ಇಡುವುದಿಲ್ಲ, ಮೈ ತೊಳೆದು ನೆರಳಿಗೆ ಕಟ್ಟುತ್ತಾರೆ. ರವಿವಾರ ಹೊತ್ತು ಮುಳುಗುವಾಗ ಹೊಲ ಹೇಗಿತ್ತೋ ಸೋಮವಾರ ಹನ್ನೊಂದಕ್ಕೂ ಹಾಗೇ. ಮಳೆ ಬೀಳದಿದ್ದರೆ ಸಾಕು, ಬೀಳಲಿಲ್ಲ. ಹೊರಗಿನಿಂದ ಬಂದವನಾಗಿದ್ದರೆ ಅಷ್ಟು ಧೈರ್ಯ ಬರುತ್ತಿರಲಿಲ್ಲ. ಇಲ್ಲಿಯವನೇ ಆದದ್ದರಿಂದ ಬಂತು.

ಆ ಸೋಮವಾರ ಅವನು ಆಳಂದದ ಒಂದು ಕಚೇರಿಯ ಬೆಂಚಿನ ಮೇಲೆ ಕೂತಿದ್ದ, ಜವಾನನ ಕೆಲಸದ ಸಂದರ್ಶನಕ್ಕೆ. ಕಾಯಂ ಕೆಲಸ. ಹೆಂಡತಿ ದ್ರೌಪದಿ ಇಸ್ತ್ರಿ ಮಾಡಿದ ಅಂಗಿ ಕೈಗೆ ಕೊಟ್ಟು ಹೇಳಿದ್ದಳು, “ಸೀಮಿ ಮಣ್ಣೆಲ್ಲಾ ಅಳೀತೀ, ಮೂರು ಮಕ್ಕಳ ಹೊಟ್ಟಿ ಎಷ್ಟ ಆಳ ಅದಾವ ಅಂತ ಒಮ್ಮೆರೆ ಅಳದೀಯೇನು? ಯೋಜನಾ ಮುಗದ ಮ್ಯಾಲ ಆ ಹಣಗಿ ತಗೊಂಡು ಏನ ಮಾಡ್ತಿ, ಎಮ್ಮಿ ಮೈ ತಿಕ್ಕತೀಯೇನು?” ಸರ್‌ಗೆ ರಜೆ ಕೇಳಲು ಬಾಯಿ ಬರಲಿಲ್ಲ, ಬಿಟ್ಟು ಹೋಗುವವನೆಂದು ತಿಳಿದಾರು. ಹತ್ತರಿಂದ ನಾಲ್ಕೂವರೆಯ ತನಕ ಬೆಂಚು. ಹನ್ನೊಂದರ ಹತ್ತಿರ ಅವನು ಹೊರಗೆ ಬಂದು ಆಕಾಶ ನೋಡಿದ್ದ. ದಟ್ಟ ಮೋಡ, ಏನೂ ಕಾಣಲಿಲ್ಲ, ಆದರೆ ಅದಕ್ಕೆ ಮೋಡ ಲೆಕ್ಕಕ್ಕಿಲ್ಲವೆಂದು ಗೊತ್ತಿದ್ದರಿಂದ ಮುಖ ಕೆಳಗೆ ಹಾಕಿಕೊಂಡು ಒಳಗೆ ಬಂದಿದ್ದ. ಕೊನೆಗೆ ಕರೆದರು. “ಚಹಾ ತರಾಕ ಬರ್ತದೇನು?” ಎಂದರು. ಎದುರಿನ ಹೋಟೆಲಿನಿಂದ ಏಳು ಕಪ್ಪು ಚಹಾ ತಂದ, ಒಂದು ಹನಿ ಚೆಲ್ಲಲಿಲ್ಲ. ಕುಡಿದರು. ಕಪ್ಪುಗಳನ್ನು ತಿರುಗಿ ಕೊಟ್ಟು ಬರಲು ಹೇಳಿ, ಪತ್ರ ಬರುತ್ತದೆ ಹೋಗು ಎಂದರು. ಪತ್ರ ಬರಲಿಲ್ಲ. ಆ ಏಳು ಕಪ್ಪಿನ ತಟ್ಟೆ ಕೈಯಲ್ಲಿ ಹಿಡಿದ ಭಾರ ಮಾತ್ರ ಈಗಲೂ ಅಂಗೈಯಲ್ಲಿ ಹಾಗೇ ಇದೆ.

ಆದರೆ ನಿನ್ನೆ ಇಡೀ ರಾತ್ರಿ ಅವನನ್ನು ಕಾಡಿದ್ದು ಹೆದರಿಕೆಯೊಂದೇ ಅಲ್ಲ. ಸರ್ ಹೇಳಿದ್ದು ನಿಜವಾಗಿದ್ದರೆ? ಆ ಹೊಲವನ್ನು ಸೋಮವಾರ ಯಾರೂ ಮುಟ್ಟದೆ, ಅದು ಸಪಾಟಾಗಿಯೇ ಇದ್ದು, ಅಲೆ ನಿಜವಾಗಿಯೂ ನೆಲದ ಒಳಗೆ ಹೋಗಿ ಬಿರುಕು ಮುಟ್ಟಿ ಬಂದಿದ್ದರೆ? ಎರೆಮಣ್ಣಿನ ಬಿರುಕಿನಲ್ಲಿ ಸಣ್ಣವನಿದ್ದಾಗ ಅವನು ಕೈ ಮೊಣಕೈತನಕ ಇಳಿಸಿದ್ದುಂಟು. ಒಳಗೆ ತಂಪು, ಯಾರೋ ಉಸಿರಾಡುತ್ತಿರುವ ಹಾಗೆ. ಅಲ್ಲಿಯ ತನಕ ತಲುಪಿದ್ದು ಮೇಲಿನಿಂದ ಬಂದ ಅಲೆ! ಹಾಗಿದ್ದರೆ ಅವನ ಸುಳ್ಳು ಸುಳ್ಳಲ್ಲ, ಒಂದು ದಿನದ ಹೆಚ್ಚುಕಮ್ಮಿ ಅಷ್ಟೇ. ದೌಲತರಾಯರನ್ನು ಕೇಳಿದರೆ ಗೊತ್ತಾಗುತ್ತದೆ. ಗೊತ್ತಾಗಲಿ ಎಂಬ ಆಸೆ ತನ್ನ ಕೆಲಸದ ಚಿಂತೆಗಿಂತ ಒಂದು ಕೂದಲೆಳೆ ಜಾಸ್ತಿಯೇ ಇತ್ತೆಂಬುದು ಅವನಿಗೇ ಸೋಜಿಗ.

ದೌಲತರಾಯರು ಕಟ್ಟೆಯ ಮೇಲೆ ಕೂತು ಸೀತನಿ ತಿನ್ನುತ್ತಿದ್ದರು. ಹಾಲುಗಾಳಿನ ತೆನೆಯನ್ನು ಸುಟ್ಟು ಬಡಿದ ಹಸಿರು ಕಾಳು, ಬೆಲ್ಲ, ಶೇಂಗಾ ಚಟ್ನಿಪುಡಿ. ವಾಸನೆ ಬಾಗಿಲ ತನಕ ಬಂದಿತ್ತು. ಕೆಳಗಿನ ಮೆಟ್ಟಿಲ ಪಕ್ಕಕ್ಕೆ ಗೋಣಿಚೀಲ ಹಾಸಿದರು. ಅದು ಅವನಿಗೆಂದೇ ಬೇರೆ ಇಟ್ಟ ಚೀಲ. ಐದು ಸಲ ಬಂದಾಗಲೂ ಅದೇ ಚೀಲ, ಅದೇ ಜಾಗ. ಎಲೆಯ ಮೇಲೆ ಸೀತನಿ ಹಾಕಿ ಎಲೆಯನ್ನು ನೆಲದ ಮೇಲಿಟ್ಟು ದೂರದಿಂದಲೇ ಅವನ ಕಡೆ ಸರಿಸಿದರು. “ತಿನ್ನೋ. ಏನ ಇವತ್ತ ಸವಾರಿ?”

“ಒಂದು ಮಾತ ಕೇಳಬೇಕಿತ್ತು ರೀ, ಧಣಿ. ಹೋದ ಸೆಪ್ಟೆಂಬರ್ ಹದಿನಾಲ್ಕು, ಸೋಮವಾರ. ಮ್ಯಾಲಿನ ಹೊಲದಾಗ ಏನರೆ ಕೆಲಸ ನಡದಿತ್ತೇನ್ರಿ?”

ದೌಲತರಾಯರ ಕೈಯಲ್ಲಿದ್ದ ಕಾಳು ಬಾಯಿಗೆ ಹೋಗಲಿಲ್ಲ. “ಸೋಮವಾರ? ನಮ್ಮ ಹೊಲದಾಗ? ಯಾರ ಹೇಳ್ದಾರ?”

“ಯಾರೂ ಹೇಳಿಲ್ರಿ. ಮ್ಯಾಲಿಂದ ಚಿತ್ರ ತಗೀತಾರಲ್ರಿ, ಅದರಾಗ...”

“ನಮ್ಮ ಅಪ್ಪ ಹೋಗಿ ಇಪ್ಪತ್ತು ವರ್ಷ ಆತು. ಅಂದಿನಿಂದ ಇಂದಿನ ತನಕ ಈ ಮನ್ಯಾಗ ಸೋಮವಾರ ನೊಗ ಎತ್ತಿಲ್ಲ. ಊರಾಗ ಯಾರನ್ನರೆ ಕೇಳು. ಹೊಲದಾಗ ಒಂದು ಹುಳಾ ಸೈತ ಹೊಳ್ಳಿಲ್ಲ ಅವತ್ತ.”

ಮಲ್ಕಪ್ಪ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಬಿರುಕು. ಹಾಗಾದರೆ ಬಿರುಕೇ. ಸರ್ ಸರಿ, ಫಿಲ್ಮು ಸರಿ, ಪುಸ್ತಕವೂ ಸರಿ. ಅವನು ಒಂದು ಮುಷ್ಟಿ ಸೀತನಿ ಬಾಯಿಗೆ ಹಾಕಿಕೊಂಡ. ಇಷ್ಟು ಸಿಹಿಯಾದದ್ದನ್ನು ಎಷ್ಟೋ ದಿನದಿಂದ ತಿಂದಿರಲಿಲ್ಲ ಎನಿಸಿತು. ಎದ್ದು ಹೊರಟುಬಿಡಬೇಕು, ಒಂದೂವರೆಯ ಬಸ್ಸು ಸಿಗುತ್ತದೆ ಎಂದುಕೊಳ್ಳುತ್ತಿರುವಾಗಲೇ ಒಳಗಿನಿಂದ ದೌಲತರಾಯರ ತಾಯಿ ಗಂಗಾಬಾಯಿಯ ದನಿ ಬಂತು. ಎಂಬತ್ತರ ಮುದುಕಿ, ಕಣ್ಣು ಮಂಜು, ಕಿವಿ ಮಾತ್ರ ಚುರುಕು.

“ಯಾಕೋ ದೌಲತ್ಯಾ, ಸೀತನಿ ತಿಂದ ಬಾಯಿಲೆ ಸುಳ್ಳ ಹೇಳ್ತಿ? ಆ ಚೌಡಾಪುರದ ರಸೂಲನ ಟ್ಯಾಕ್ಟರ ಬಂದು ಮುಂಜಾನೆ ಮುಂಜಾನೆ ಗುರ್ರ್ ಗುರ್ರ್ ಅಂತ ಹೊಡೀಲಿಲ್ಲ? ನಾ ಪೂಜಿಗೆ ಕುಂತೀನಿ, ಗಂಟಿ ಸಪ್ಪಳ ನನಗೇ ಕೇಳವಲ್ದು!”

“ಯವ್ವಾ, ನೀ ಸುಮ್ಮ ಕುಂದರ ಬೇ.”

“ಕುಂತೇ ಅದೀನಿ. ಎದ್ದು ಎಲ್ಲಿ ಹೋಗ್ಲಿ?”

ದೌಲತರಾಯರು ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಕರಕಿ ಹುಲ್ಲು ಬಹಳ ಬಿದ್ದಿತ್ತಂತೆ, ರವಿವಾರ ಕುಂಟೆ ಹೊಡೆದರೂ ಬೇರು ಕಿತ್ತಿರಲಿಲ್ಲ. ರಸೂಲನಿಗೆ ವಾರವೆಲ್ಲ ಸರದಿ. ಸೋಮವಾರವಂತೂ ಎಲ್ಲರ ಎತ್ತು ಕಟ್ಟಿರುವುದರಿಂದ ಅವನಿಗೆ ಹಬ್ಬ, ಹೊತ್ತು ಹುಟ್ಟುವ ಮುಂಚೆ ಒಂದು ಪಾಳಿ ಸಿಕ್ಕಿತು. “ಎತ್ತಿನ ಕೊರಳಿಗೆ ನೊಗ ಇಡಬಾರದು ಅಂತ ಅದ. ಟ್ರ್ಯಾಕ್ಟರಿಗೆ ಎಲ್ಲಿ ಕೊರಳು, ನೀನೇ ಹೇಳು. ಆದರೂ ನೆಲಕ್ಕ ಕಬ್ಬಿಣ ತಾಗಿಸಿದ್ದು ತಾಗಿಸಿದ್ದೇ. ಮಠದಾಗ ಗೊತ್ತಾದ್ರ ನನ್ನ ಮಾರಿ ಏನು ಉಳೀತದ?” ಸ್ವಲ್ಪ ಹೊತ್ತು ಬಿಟ್ಟು, ಆಕಾಶದ ಕಡೆ ಗದ್ದ ಎತ್ತಿ, “ಅದಕ್ಕ ಸೋಮವಾರ ಅನ್ನೋದೂ ಕಂಡದೇನು?” ಎಂದರು.

“ವಾರ ಕಾಣಂಗಿಲ್ರಿ. ಹೆಂಟಿ ಕಂಡಾವ.”

“ಮತ್ತ ನೀ ಯಾಕ ಕೇಳಾಕ ಬಂದೀ? ಸೋಮವಾರ ಅಳೀಲಿಕ್ಕೆ ನೀನೇ ಬರಬೇಕಿತ್ತಲ್ಲ? ಹೆಂಟಿ ಮ್ಯಾಲ ಎಡವಿ ಬೀಳಲಿಲ್ಲೇನು?”

ಬಾಯಲ್ಲಿದ್ದ ಕಾಳು ಅಗಿದಷ್ಟೂ ಮುಗಿಯುತ್ತಿರಲಿಲ್ಲ. “ನಾ ಬಂದಿರಲಿಲ್ರಿ,” ಎಂದ ಮಲ್ಕಪ್ಪ. “ಬಂದೆ ಅಂತ ಬರದೀನಿ.”

ದೌಲತರಾಯರು ಅವನನ್ನು ನೋಡಿದರು. ಐದು ಸಲ ಬಂದಾಗಲೂ ಹಲಗೆಯನ್ನು ನೋಡಿದ್ದರೇ ಹೊರತು ಅವನನ್ನು ಹೀಗೆ ನೋಡಿರಲಿಲ್ಲ. ಆಮೇಲೆ ಹೊಟ್ಟೆ ಅಲುಗಿಸಿ ನಗತೊಡಗಿದರು. “ಭಲೆ ಮಗನ! ನೀ ಇಲ್ಲದ್ದು ಇದ್ದೆ ಅಂದಿ, ನಾ ಇದ್ದದ್ದು ಇಲ್ಲ ಅಂದೆ. ಅವತ್ತ ಹೊಲದಾಗ ಖರೇನ ಹಾಜರಿದ್ದದ್ದು ಮ್ಯಾಲಿಂದು ಒಂದೇ ನೋಡು.” ನಗುತ್ತಲೇ ತಟ್ಟೆಯಿಂದ ಇನ್ನೊಂದು ಬೊಗಸೆ ತೆಗೆದು, ಮರೆತೋ ಏನೋ, ನೇರ ಅವನ ಕೈಗೇ ಸುರಿದರು. ಸುರಿದಾದ ಮೇಲೆ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಅದನ್ನು ಇಬ್ಬರೂ ಕಾಣದವರ ಹಾಗೆ ಇದ್ದರು. ಎಷ್ಟು ಆಳ ಹೊಡೆದಿತ್ತು, ಹೆಂಟೆ ಎಷ್ಟು ದೊಡ್ಡವು ಎಂದು ಮಲ್ಕಪ್ಪ ಕೇಳಿಕೊಂಡ, ಸಿಗರೇಟು ಪಾಕೀಟಿನ ಹಿಂದೆ ಬರೆದುಕೊಂಡ. ಯಾಕೆ ಬರೆದುಕೊಳ್ಳುತ್ತಿದ್ದೇನೆಂದು ಆಗ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊಲಗಳನ್ನೇ ನೋಡಿದ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ದೌಲತರಾಯರು ತಮ್ಮ ಸೋಮವಾರವನ್ನು ತಾವಾಗಿ ಬಿಟ್ಟುಕೊಡುವವರಲ್ಲ. ಸರ್ ಹೈದರಾಬಾದಿಗೆ ಹೋಗುತ್ತಾರೆ, ಚಪ್ಪಾಳೆ ಬೀಳುತ್ತದೆ, ಬಿರುಕಿನ ಮಾತು ಪುಸ್ತಕದಲ್ಲಿ ಅಚ್ಚಾಗುತ್ತದೆ. ಇನ್ಯಾವುದೋ ಊರಿನಲ್ಲಿ ಇನ್ನೊಬ್ಬ ಸರ್ ಅದನ್ನು ಓದಿ, ಇನ್ನೊಬ್ಬ ಮಲ್ಕಪ್ಪನ ಕೈಗೆ ಹಲಗೆ ಕೊಟ್ಟು, ಸಪಾಟು ನೆಲದೊಳಗೆ ಬಿರುಕು ಹುಡುಕು ಎಂದು ಕಳಿಸುತ್ತಾರೆ. ಅವನು ಹುಡುಕುತ್ತಾನೆ, ಸಿಗುವುದಿಲ್ಲ. ತಪ್ಪು ತನ್ನದೇ ಎಂದುಕೊಳ್ಳುತ್ತಾನೆ. ಆ ಇನ್ನೊಬ್ಬನ ಮುಖ ಮಲ್ಕಪ್ಪನಿಗೆ ಸ್ಪಷ್ಟವಾಗಿ ಕಂಡಿತು. ಇಸ್ತ್ರಿ ಅಂಗಿ ಹಾಕಿಕೊಂಡಿದ್ದ.

ಕಾಲೇಜಿನಲ್ಲಿ ಸರ್, ಸಭೆಯಲ್ಲಿ ತೋರಿಸುವ ಪ್ಲಾಸ್ಟಿಕ್ ಹಾಳೆಯ ಮೇಲೆ ನೀಲಿ ಶಾಯಿಯಿಂದ ಬಿರುಕು ಬಿಡಿಸುತ್ತಿದ್ದರು. ಚೆನ್ನಾಗಿ ಬಿಡಿಸಿದ್ದರು, ಕವಲು ಕವಲಾಗಿ. ಮಲ್ಕಪ್ಪ ಬಾಗಿಲಲ್ಲೇ ನಿಂತು ಎಲ್ಲ ಹೇಳಿದ: ರವಿವಾರ, ಆಳಂದ, ಬೆಂಚು, ಟ್ರ್ಯಾಕ್ಟರು. ಚಹಾದ ಕಪ್ಪಿನ ಸುದ್ದಿಯೊಂದನ್ನು ಬಿಟ್ಟ. ಸರ್ ತಲೆ ಎತ್ತದೆಯೇ ಕೇಳಿದರು.

“ಎಷ್ಟ ಆಳ ಹೊಡದಿತ್ತು?”

“ಗೇಣು ಮ್ಯಾಲ ನಾಕು ಬೆರಳು ಅಂತಾರ್ರಿ. ಹೆಂಟಿ ಟೆಂಗಿನಕಾಯಿ ಅಷ್ಟಷ್ಟು.”

ಬರೆದುಕೊಂಡರು. ಬರೆದಾದ ಮೇಲೆ ಕೇಳಿದರು, “ಉಳಿದ ನಾಲ್ಕು ಸೋಮವಾರ?”

“ಇದ್ದೆ ರಿ.”

ಎರಡೇ ಶಬ್ದ. ನಿನ್ನೆಯ ತನಕ ಅದರ ಹಿಂದೆ ಏನೋ ಇತ್ತು, ಅದು ಈಗ ಇರಲಿಲ್ಲ. ಅದು ಹೋದದ್ದು ಇಬ್ಬರಿಗೂ ಕೇಳಿಸಿತು. ಸರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ನೀ ಇದ್ದೆ ಅಂದ್ರ ನಾ ಹೆಂಗ ತಿಳ್ಕೋಬೇಕು ಈಗ?” ಬೈದಿದ್ದರೆ ಚೆನ್ನಾಗಿತ್ತು. ಅದು ಬೈಗುಳವಲ್ಲ, ನಿಜವಾಗಿ ಕೇಳಿದ ಪ್ರಶ್ನೆ.

“ಫಿಲ್ಮ್ ಅದಾವಲ್ರಿ,” ಎಂದ ಮಲ್ಕಪ್ಪ. “ಅದರಾಗ ನೋಡ್ರಿ.”

ಟ್ಯೂಬ್‌ಲೈಟ್ ಹಾಕಿದರು. ಇವನು ಪುಸ್ತಕ ಓದಿದ, ಅವರು ಭೂತಗನ್ನಡಿ ಸರಿಸಿದರು. ಜೂನ್, ಒಂದನೇ ಹೊಲ, ಹೆಂಟೆ. “ಬೆಳ್ಳಗದ. ಮುಂದ.” ಎರಡನೇದು, ಕುಂಟೆ. “ಹೂಂ. ಮುಂದ.” ಪುಸ್ತಕ ಇಟ್ಟುಕೊಂಡು ಉಪಗ್ರಹವನ್ನು ತೂಗುತ್ತಿದ್ದವರು ಈಗ ಉಪಗ್ರಹ ಇಟ್ಟುಕೊಂಡು ಪುಸ್ತಕವನ್ನು ತೂಗುತ್ತಿದ್ದರು. ಒಂದೊಂದು ‘ಹೂಂ’ಗೂ ಅವನ ಉಸಿರು ಒಂದಿಷ್ಟು ಇಳಿಯುತ್ತಿತ್ತು. ತಾನು ಇದ್ದದ್ದು ನಿಜವೇ ಎಂದು ತನಗೇ ಅನುಮಾನ ಬಂದವನ ಹಾಗೆ ಅವನೂ ಪ್ರತಿ ಸಲ ಕಾಯುತ್ತಿದ್ದ. ಆಗಸ್ಟ್, ದತ್ತಪ್ಪನ ಹೊಲ. ಓದಿದ: “ಸಪಾಟಿಲ್ಲ, ಹುಲ್ಲು. ಈಶಾನ್ಯ ಮೂಲೆಗೆ ಒಡ್ಡು ಒಡೆದು ಎರಡು ಎಕರೆಯಷ್ಟು ನೀರು ನಿಂತಿದೆ. ಗಾಳಿ ಇಲ್ಲ.” ಹೀಗೆ ಬರೆದದ್ದು ಮರೆತೇಹೋಗಿತ್ತು. ಅಂದು ಎಮ್ಮೆಯೊಂದು ಆ ನೀರಿನ ಅಂಚಿಗೆ ನಿಂತು ಅವನ ಹಲಗೆಯನ್ನೇ ದಿಟ್ಟಿಸಿತ್ತು.

ಭೂತಗನ್ನಡಿ ಬಹಳ ಹೊತ್ತು ಒಂದೇ ಕಡೆ ನಿಂತಿತು. “ಬಾ ಇಲ್ಲಿ,” ಎಂದರು ಸರ್. ಬೂದು ಹೊಲದ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಕಪ್ಪು. “ನೀರು,” ಎಂದರು. ಅವರ ದನಿಯಲ್ಲಿ ಏನೋ ತಿರುಗಿ ಬಂದಿತ್ತು, ಮೊದಲಿನಷ್ಟಲ್ಲ.

ನಾಲ್ಕು ಹೊಲದ ನಾಲ್ಕು ಸೋಮವಾರ, ಹದಿನಾರೂ ಮುಗಿದಾಗ ಹೊರಗೆ ದೀಪ ಹಚ್ಚುವ ಹೊತ್ತು. ಸರ್ ಒದ್ದೆ ಬಟ್ಟೆ ತಂದು ಪ್ಲಾಸ್ಟಿಕ್ ಹಾಳೆ ಒರೆಸಿದರು; ನೀಲಿ ಬಿರುಕುಗಳು ಬೆರೆತು ಮೋಡದ ಹಾಗಾಗಿ, ಆಮೇಲೆ ಏನೂ ಇಲ್ಲವಾದವು. “ಫೆಬ್ರವರಿ ಒಂದು, ಸೋಮವಾರ,” ಎಂದರು, ಹಾಳೆಯನ್ನೇ ನೋಡುತ್ತ. “ಈ ಸಲ ನಾನೂ ಬರ್ತೀನಿ.” ಕೆಲಸ ಉಳಿಯಿತು ಎಂಬುದು ಅದರಲ್ಲಿತ್ತು; ಇನ್ನು ಮೇಲೆ ಅವನೊಬ್ಬನನ್ನೇ ಕಳಿಸುವುದಿಲ್ಲ ಎಂಬುದೂ ಇತ್ತು. ಮಲ್ಕಪ್ಪ ಎರಡಕ್ಕೂ ಸೇರಿಸಿ ತಲೆ ಆಡಿಸಿದ.

ಹೊರಡಲು ತಿರುಗಿದಾಗ ಸರ್ ಕೇಳಿದರು, “ಆಳಂದದಾಗ ಎಲ್ಲಿ ಕುಂತಿದ್ದಿ ಅವತ್ತ?” ಸೆಪ್ಟೆಂಬರಿನ ಫಿಲ್ಮನ್ನು ಮತ್ತೆ ಗಾಜಿನ ಮೇಲಿಟ್ಟು, ಗೊಬ್ಬೂರಿನಿಂದ ಮೇಲಕ್ಕೆ ಅಳತೆಗೋಲಿನಷ್ಟು ದೂರ ಭೂತಗನ್ನಡಿ ಸರಿಸಿದರು. ಅವನು ಬಾಗಿದ. ಊರು ಬೆಳ್ಳಗಿತ್ತು, ಚೆಲ್ಲಿದ ಜೋಳದ ಹಾಗೆ. ನೆಲಕ್ಕೂ ಗೋಡೆಗೂ ಬಡಿದು ಅಲೆ ಬಂದ ದಾರಿಗೇ ತಿರುಗುತ್ತದೆ, ಅದಕ್ಕೇ ಮನೆಗಳು ಹೊಲಕ್ಕಿಂತ ಬಿಳಿ ಎಂದು ಸರ್ ಹೇಳುತ್ತಿದ್ದರು. ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಹನ್ನೊಂದಕ್ಕೆ ಎರಡು ನಿಮಿಷ. ಆ ಬೆಂಚು ಒರಗಿದ್ದ ಗೋಡೆ ಇಲ್ಲಿಯದೇ ಒಂದು ಕಾಳು. ಯಾವುದೆಂದು ಗೊತ್ತಾಗಲಿಲ್ಲ.

“ಇಲ್ಲೇ ಎಲ್ಲೋ ಅದೀನಿ ರಿ.”

“ಹಂಗಾದ್ರ ಖರೇ ಇದ್ದದ್ದು ಬರಕೋ,” ಎಂದರು ಸರ್, ಪೆನ್ನು ಮುಂದೆ ಹಿಡಿದು.

ಪುಸ್ತಕ ತೆರೆದ. ೧೪ ಎಂಬುದರ ಮೇಲೆ ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವ ಹಾಗೆ ಬಿಟ್ಟು, ಪಕ್ಕದಲ್ಲಿ ೧೩ ಎಂದು ಬರೆದ. ಕೆಳಗೆ ಹೊಸ ಸಾಲು ಮಾಡಿದ: ಸೋಮವಾರ, ಟ್ರ್ಯಾಕ್ಟರ್, ಗೇಣು ಮೇಲೆ ನಾಲ್ಕು ಬೆರಳು. ಕೊನೆಯ ಅಂಕಣದಲ್ಲಿ, ಅಳೆದವರ ಹೆಸರು ಬರುವ ಕಡೆ, ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ದುಂಡಾಗಿ ಬರೆದ: ‘ಕೇಳಿ ಬರೆದದ್ದು, ನೋಡಿದ್ದಲ್ಲ.’